ಭಾವಿ ಡಾಕ್ಟರ್ ಫರಹೀನ

ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನವೇ ಮಾದನಹಿಪ್ಪರಗಾದ ಬಸ್ ನಿಲ್ದಾಣದಲ್ಲಿ ಫರಹೀನಳ ಫ್ಲೆಕ್ಸ್ ಏರಿತು. ಶಾಲೆಗೇ ಮೊದಲು ಬಂದ ಹುಡುಗಿ. ಫ್ಲೆಕ್ಸ್ ಹಾಕದಿದ್ದರೆ ಊರಿನ ಮರ್ಯಾದೆ ಏನಾಗಬೇಕು? ಆಳಂದದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಸೋದರಮಾವ ಜಾವೀದ ತಾನೇ ಮುಂದೆ ನಿಂತು ಮಾಡಿಸಿದ. ಅವಳ ಫೋಟೊದ ಕೊರಳಿಗೆ ಕಂಪ್ಯೂಟರಿನಲ್ಲೇ ಒಂದು ಸ್ಟೆತಸ್ಕೋಪ್ ತೊಡಿಸಿ, ಕೆಳಗೆ ದಪ್ಪಕ್ಷರದಲ್ಲಿ ‘ಭಾವಿ ಡಾಕ್ಟರ್’ ಎಂದು ಹಾಕಿಬಿಟ್ಟ. ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಮಹಾರಾಯನಿಗೆ ಹೊಳೆಯಲೇ ಇಲ್ಲ. ಅಷ್ಟು ಮಾರ್ಕ್ಸ್ ತೆಗೆದವರು ಡಾಕ್ಟರಾಗದೆ ಇನ್ನೇನಾಗುತ್ತಾರೆ ಹೇಳಿ!

ಫರಹೀನಳಿಗೆ ಬೇಕಾಗಿದ್ದದ್ದೇ ಬೇರೆ. ಕಲಬುರಗಿಯ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ. ಅದು ಮುಗಿದ ಮೇಲೆ ಬೇಕೆಂದರೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ನೇರವಾಗಿ ಸೇರಬಹುದೆಂದು ಗಣಿತದ ಟೀಚರ್ ಸುವರ್ಣಾ ಬಿಡಿಸಿ ಹೇಳಿದ್ದರು. ಅಪ್ಪ ಮೌಲಾಲಿ ಗೌಂಡಿ, ಮನೆ ಕಟ್ಟುವವನು. ರಜೆಯಲ್ಲಿ ಅವನು ಕೆಲಸ ಮಾಡುವಲ್ಲಿಗೆ ಬುತ್ತಿ ಒಯ್ದಾಗಲೆಲ್ಲ ಅವಳು ಅಲ್ಲೇ ಉಳಿದು, ಮೆಟ್ಟಿಲು ಇಲ್ಲೇ ಯಾಕೆ, ಕಿಟಕಿ ಆ ಕಡೆ ಯಾಕಿಲ್ಲ ಎಂದು ಅವನ ತಲೆ ತಿನ್ನುತ್ತಿದ್ದಳು. ಜೀವಶಾಸ್ತ್ರ ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ. ಮಾರ್ಕ್ಸೇನೋ ಬಂದಿತ್ತು, ಉರು ಹೊಡೆದು. ಡಿಪ್ಲೊಮಾದ ವಿಷಯ ತೆಗೆದಾಗ ಮೌಲಾಲಿ ‘ನೋಡೋಣು’ ಅಂದಿದ್ದ. ಫ್ಲೆಕ್ಸ್ ಏರಿದ ಮೇಲೆ ಅವನಿಗೂ ಡಾಕ್ಟರ್ ಹುಚ್ಚು ಏರಿತು.

ಏರದೆ ಏನು? ನಿಲ್ದಾಣದ ಚಹಾದಂಗಡಿಗೆ ಹೋದರೆ ಜನ ಸರಿದು ಜಾಗ ಬಿಡತೊಡಗಿದರು. “ಡಾಕ್ಟರ್ ಅಬ್ಬಾ ಬಂದ್ರು, ಹಾದಿ ಬಿಡ್ರಿ!” ಎಂದು ಅಂಗಡಿಯ ಚಾಂದಪಾಶಾ ಕೂಗುತ್ತಿದ್ದ. ಪಕ್ಕದ ಮನೆಯ ಮುದುಕಿ ನಿಂಬೆವ್ವನಂತೂ ಬೆಳಗಾದರೆ ಸಾಕು, ಬಂದು ಫರಹೀನಳ ಮುಂದೆ ಮೊಣಕಾಲು ಚಾಚಿ ಕೂರುತ್ತಿದ್ದಳು.

“ಇಲ್ಲಿ ಒತ್ತಿ ನೋಡಬೇ ಡಾಕ್ಟರಮ್ಮ. ಭಾಳ ನೋಯಾಕತ್ತದ.”

“ಆಯಿ, ನಾ ಇನ್ನಾ ಕಾಲೇಜಿನ ಬಾಗಿಲಾನೇ ನೋಡಿಲ್ಲ!”

“ನೋಡಾಕಿ ಇದ್ದಿಯಲ್ಲ. ಒತ್ತು, ಒತ್ತು.”

ಫರಹೀನ ಹಲ್ಲು ಕಚ್ಚಿಕೊಂಡು ಒತ್ತುತ್ತಿದ್ದಳು. ಮುದುಕಿ ಹಾಯೆನಿಸಿತು ಎಂದು ಹರಸಿ ಹೋಗುತ್ತಿದ್ದಳು.

ಹೀಗೇ ದಿನ ಕಳೆದು ಪಾಲಿಟೆಕ್ನಿಕ್ ಅಡ್ಮಿಷನ್ನಿನ ಕೊನೆಯ ದಿನ ಬಾಗಿಲಿಗೇ ಬಂತು. ಮಧ್ಯಾಹ್ನ ಊಟಕ್ಕೆ ಕುಳಿತ ಅಪ್ಪನ ಎದುರು ಅವಳು ನಿಂತಳು.

“ಅಬ್ಬಾ, ನಾಳಿಗಿ ಕಲಬುರಗಿಗಿ ಹೋಗೋಣು. ನಾಳಿಗಿ ತಪ್ಪಿತಂದ್ರ ವರ್ಷಾನೇ ಹೋಯ್ತು.”

“ಊರೆಲ್ಲ ಫ್ಲೆಕ್ಸ್ ಓದ್ಯದ ಬೇ. ಈಗ ಅಲ್ಲ ಅಂದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?”

“ಬರಿಸಿದ್ದು ಮಾಮು. ಕಲಿಯಾಕಿ ನಾನು!”

“ಸುಮ್ನಿರು!” ಮೌಲಾಲಿ ತಟ್ಟೆ ಸರಿಸಿದ. “ನಾ ಸಿಮೆಂಟಿನಾಗ ಸತ್ತದ್ದು ಸಾಕು. ನೀನೂ ಅದರಾಗೇ ಬೀಳ್ತಿಯೇನು?”

ಫರಹೀನಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ನುಗ್ಗಿ ಬಂದವು. ಓಢಣಿ ಸರಿಮಾಡಿಕೊಂಡು ಸೀದಾ ನಿಲ್ದಾಣಕ್ಕೆ ನಡೆದಳು. ಮೌಲಾಲಿ ಎಂಜಲು ಕೈಯಲ್ಲೇ ಹಿಂದೆ ಓಡಿದ. ಅವನು ತಲುಪುವಷ್ಟರಲ್ಲಿ ಅವಳು ಚಹಾದಂಗಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿಯಾಗಿತ್ತು: “ನಾ ಡಾಕ್ಟರ್ ಆಗಂಗಿಲ್ರಿ. ನಾ ಮನಿ ಕಟ್ಟೋದು ಕಲಿತೇನಿ.”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕತ್ತು ತಿರುಗಿಸಿದರು. ಚಾಂದಪಾಶಾ ಹೊಟ್ಟೆ ಹಿಡಿದುಕೊಂಡು ನಕ್ಕ.

“ಹೋಗ್ಗೋ ಇದರ! ಇಷ್ಟು ಮಾರ್ಕ್ಸ್ ತಗೊಂಡು ಕಡೀಕ ಗೌಂಡಿ ಆಗ್ತಿಯೇನು?”

“ಯಾಕ್ಲೇ?” ಹಿಂದಿನಿಂದ ಮೌಲಾಲಿ ಗುಡುಗಿದ. “ಗೌಂಡಿ ಅಂದ್ರ ಏನಾಯ್ತು? ನೀ ಕುಂತ ಅಂಗಡಿ ನಿಮ್ಮಪ್ಪ ಕಟ್ಟ್ಯಾನೇನು?”

ಚಾಂದಪಾಶಾ ತಲೆ ತಗ್ಗಿಸಿ ಚಹಾ ಸೋಸತೊಡಗಿದ. ತನ್ನ ಬಾಯಿಂದ ಬಂದ ಮಾತಿಗೆ ಮೌಲಾಲಿಯೇ ಬೆರಗಾದ. ಇಷ್ಟು ವರ್ಷ ಆ ಕೆಲಸವನ್ನು ಬೈದವನು ಅವನೇ ತಾನೆ! ಮಗಳ ರಟ್ಟೆ ಹಿಡಿದು ಮನೆಯ ಕಡೆ ನಡೆದ. ಅರ್ಧ ದಾರಿಯಲ್ಲಿ ನಿಂತ.

“ಕೆಲಸದ ಮ್ಯಾಲ ಇಂಜಿನಿಯರ್ ಬರ್ತಾರ. ಒಬ್ಬರೂ ಬೈಕಿನಿಂದ ಕೆಳಗ ಇಳಿಯಂಗಿಲ್ಲ. ಲೇ ಗೌಂಡಿ, ಅಂತ ಅಲ್ಲಿಂದಾನೇ ಒದರ್ತಾರ. ನನ್ನ ಹೆಸರು ಏನಂತ ಒಬ್ಬರೂ ಕೇಳಿಲ್ಲ.” ಅವನ ದನಿ ಸಣ್ಣದಾಯಿತು. “ನೀನೂ ಅವರಂಗೇ ಆಗ್ತಿಯೇನೋ ಅಂತ ಅಂಜಿಕಿ ನನಗ.”

ಅಪ್ಪ ಊರಿಗೆ ಅಂಜಿದ್ದಾನೆ ಎಂದು ಫರಹೀನ ಅಂದುಕೊಂಡಿದ್ದಳು. ಅವನು ಅಂಜಿದ್ದು ಮಗಳಿಗೆ!

“ಕೆಳಗ ಇಳಿತೇನಿ ಅಬ್ಬಾ,” ಎಂದಳು. “ಇಳಿದು, ಮೊದಲ ಹೆಸರು ಕೇಳ್ತೇನಿ.”

ಮೌಲಾಲಿ ಮುಖ ಆಚೆ ತಿರುಗಿಸಿ ಒಣಗಿದ ಎಂಜಲು ಕೈಯನ್ನು ಲುಂಗಿಗೆ ಒರೆಸಿಕೊಂಡ.

“ಮುಂಜಾನಿ ಮೊದಲನೇ ಬಸ್ಸಿಗಿ ಹೋಗೋಣು,” ಎಂದ. “ಲಗೂ ಏಳು.”