ಬೀಳಬೇಕಿದ್ದ ಗೋಡೆ

ಕುಡುಮಲಕುಂಟೆಯ ಆ ರಾಸಾಯನಿಕ ಕಾರ್ಖಾನೆಯಲ್ಲಿ ಸ್ಫೋಟವಾದ ಮಾರನೆಯ ದಿನ ಮಹತಿ ಅಲ್ಲಿಗೆ ಹೋದಾಗ, ಪೊಲೀಸರು, ಅಧಿಕಾರಿಗಳು, ಟೀವಿಯವರು ಎಲ್ಲರೂ ಬಿದ್ದ ಗೋಡೆಗಳನ್ನು ನೋಡುತ್ತಿದ್ದರು. ಮಹತಿಯ ಕಣ್ಣು ಹೋದದ್ದು ಬೀಳದೆ ನಿಂತಿದ್ದ ಒಂದು ಗೋಡೆಯ ಮೇಲೆ. ಅದನ್ನು ಕಂಡವಳೇ ಬ್ಯಾಗಿನಿಂದ ನಕ್ಷೆ ತೆಗೆದು ಬಿಡಿಸಿದಳು.

ಆ ಕಟ್ಟಡದ ನಕ್ಷೆ ಹಾಕಿದವಳು ಅವಳೇ. ಮಹತಿಯ ಕಸುಬು ಸ್ವಲ್ಪ ವಿಚಿತ್ರವಾದದ್ದು. ಬೇರೆ ಎಂಜಿನಿಯರುಗಳು ಕಟ್ಟಡ ಬೀಳದಂತೆ ನೋಡಿಕೊಂಡರೆ, ಏನಾದರೂ ಸಿಡಿದಾಗ ಯಾವ ಗೋಡೆ ನಿಲ್ಲಬೇಕು, ಯಾವುದು ಬೀಳಬೇಕು ಎಂದು ಇವಳು ಲೆಕ್ಕ ಹಾಕುತ್ತಾಳೆ. ಮದ್ದಿನ ಗೋದಾಮು, ಗ್ಯಾಸಿನ ಕಾರ್ಖಾನೆ, ದೊಡ್ಡವರ ಕಚೇರಿಯ ಗೇಟು, ಕಿಟಕಿಯ ಗಾಜು, ಎಲ್ಲಕ್ಕೂ ಇವಳ ಲೆಕ್ಕ ಬೇಕು. ಚಿಂತಾಮಣಿಯಲ್ಲಿ ಮೇಷ್ಟರಾಗಿದ್ದ ಅವಳ ತಂದೆ ಪುಟ್ಟಸ್ವಾಮಯ್ಯನವರು ಬದುಕಿದ್ದಷ್ಟು ದಿನ, "ನಮ್ಮ ಹುಡುಗಿಗೆ ಗೋಡೆ ಬೀಳಿಸೋಕೆ ಸಂಬಳ ಕೊಡ್ತಾರೆ ಕಣ್ರೀ" ಎಂದು ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಇಲ್ಲಿನ ಲೆಕ್ಕ ಕಷ್ಟದ್ದೇನಲ್ಲ. ಹೈಡ್ರೋಜನ್ ಗ್ಯಾಸು ತುಂಬುವ ದೊಡ್ಡ ಉಕ್ಕಿನ ಪಾತ್ರೆ ಇಡುವ ಕೋಣೆ ಅದು. ಮೂರು ಕಡೆ ಮೊಳ ದಪ್ಪದ ಕಾಂಕ್ರೀಟ್ ಗೋಡೆ. ನಾಲ್ಕನೆಯ ಕಡೆ, ಖಾಲಿ ಬಯಲಿಗೆ ಮುಖ ಮಾಡಿ, ಬರೀ ತಗಡು. ಪಾತ್ರೆ ಸಿಡಿದರೆ ತಗಡು ಕಿತ್ತು ಹಾರಬೇಕು, ಬೆಂಕಿಯೂ ಗಾಳಿಯೂ ಬಯಲಿಗೆ ನುಗ್ಗಿ ಹೋಗಬೇಕು. ಹಿಂದಿನ ಕೋಣೆಯಲ್ಲಿ ಕೂತು ಯಂತ್ರ ನಡೆಸುವವರ ಕೂದಲೂ ಕೊಂಕಬಾರದು.

ಈಗ ತಗಡು ಸುಕ್ಕಾಗಿ ಕೆಳಗೆ ಬಿದ್ದಿತ್ತು. ಅದರ ಒಳಬದಿಗೆ, ಅವಳ ನಕ್ಷೆಯಲ್ಲಿ ಎಲ್ಲೂ ಇಲ್ಲದ ಸೈಜುಗಲ್ಲಿನ ಗೋಡೆಯೊಂದು ಮಸಿ ಹಿಡಿದು ನಿಂತಿತ್ತು. ಬಯಲಿಗೆ ಹೋಗಬೇಕಾದದ್ದು ದಾರಿ ಕಾಣದೆ ಹಿಂದಿನ ಬಾಗಿಲನ್ನೂ ಚಾವಣಿಯನ್ನೂ ಒಡೆದು, ಅದರಾಚೆಗಿನ ಗೋಡೆಗಳನ್ನು ಉರುಳಿಸಿಕೊಂಡು ಹೋಗಿತ್ತು. ಹಿಂದಿನ ಕೋಣೆಯಲ್ಲಿದ್ದ ಇಬ್ಬರು ಸತ್ತಿದ್ದರು. ಅವರಲ್ಲೊಬ್ಬ ಮುರಳಿಮೋಹನ್, ಮಹತಿ ಚಿಕ್ಕಂದಿನಿಂದ ಬಲ್ಲ ಕಲ್ಲುಕೆಲಸದ ಮುನಿವೆಂಕಟಪ್ಪ ಮೇಸ್ತ್ರಿಯ ಒಬ್ಬನೇ ಮಗ.

ಆ ಗೋಡೆ ಯಾರ ಕೈಯದ್ದು ಎಂದು ಮಹತಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಮುನಿವೆಂಕಟಪ್ಪನವರಿಗೆ ಮೊದಲಿನಿಂದಲೂ ಒಂದು ಅಭ್ಯಾಸ. ಯಾವ ಕಟ್ಟಡವೇ ಆಗಲಿ, ಕೆಲಸ ಮುಗಿದು ಲೆಕ್ಕ ಚುಕ್ತಾ ಆದ ಮೇಲೆ ಏನಾದರೊಂದನ್ನು ಪುಕ್ಕಟೆ ಕಟ್ಟಿಕೊಡುತ್ತಿದ್ದರು. "ಅದು ನಿಮ್ಮ ಕೆಲಸ, ಇದು ನನ್ನದು" ಎನ್ನುತ್ತಿದ್ದರು. ಒಬ್ಬರಿಗೆ ತುಳಸಿಕಟ್ಟೆ, ಇನ್ನೊಬ್ಬರಿಗೆ ಬಟ್ಟೆ ಒಗೆಯುವ ಕಲ್ಲು. ಚಿಂತಾಮಣಿಯಲ್ಲಿ ಮಹತಿಯ ಮನೆಯ ಮುಂದಿನ ಕಲ್ಲು ಜಗಲಿ ಬಂದದ್ದೂ ಹಾಗೆಯೇ. ಮಹತಿ ಮಗ್ಗಿ ಕಲಿತದ್ದು ಅದರ ಮೇಲೆ ಕೂತು. ಈ ಕಾರ್ಖಾನೆಯ ಕಾಂಪೌಂಡು ಕೆಲಸಕ್ಕೆ ಅವರ ಹೆಸರು ಹೇಳಿದವಳು ಅವಳೇ. ಮುರಳಿಗೆ ಇಲ್ಲಿ ಕೆಲಸ ಸಿಕ್ಕಿದ್ದೂ ಆ ಬಳಕೆಯಿಂದಲೇ.

ಮ್ಯಾನೇಜರ್ ರಮೇಶ್‌ಬಾಬು ಪಕ್ಕದಲ್ಲಿ ನಿಂತಿದ್ದ. "ಗಾಳಿ ಬಂದ್ರೆ ಶೀಟು ಪಟಪಟ ಅಂತಿತ್ತು ಮೇಡಂ. ಮೇಸ್ತ್ರಿ ಬಂದು, ನಾನೇ ಕಟ್ಟಿಕೊಡ್ತೀನಿ, ಏನೂ ಕೊಡಬೇಡಿ ಅಂದ್ರು. ಗೋಡೆ ಗಟ್ಟಿ ಆದ್ರೆ ಒಳ್ಳೇದೇ ಅಲ್ವಾ ಅಂತ ನಾನೂ..."

ಗಟ್ಟಿಯಾದರೆ ಒಳ್ಳೆಯದು! ಇಂಥ ಮಾತಿಗೆ ಬೈಯುವುದೋ ಅಳುವುದೋ ತಿಳಿಯುವುದಿಲ್ಲ. ಆ ತಗಡಿನ ಹೊರಗೆ 'ಈ ಕಡೆ ಯಾರೂ ನಿಲ್ಲಬಾರದು' ಎಂದು ಕನ್ನಡ, ಇಂಗ್ಲಿಷು, ಹಿಂದಿಯಲ್ಲಿ ಬೋರ್ಡು ಹಾಕಿಸಿದ್ದರು. ಅಲ್ಲಿ ತಗಡು ಯಾಕಿದೆ ಎಂಬುದನ್ನು ಮಾತ್ರ ಯಾವ ಭಾಷೆಯಲ್ಲೂ ಬರೆಸಿರಲಿಲ್ಲ. ಅಷ್ಟು ಓದಿದ ಮಹತಿಗೂ ಅದು ಹೊಳೆದಿರಲಿಲ್ಲ.

"ಮೇಸ್ತ್ರಿಗೆ ಗೊತ್ತಾ ಇದು?"

"ಹೆಂಗೆ ಹೇಳೋದು ಮೇಡಂ? ನೀವು ರಿಪೋರ್ಟಲ್ಲಿ ಬರೀರಿ. ಅವರು ಇಂಗ್ಲಿಷ್ ಓದಲ್ವಲ್ಲ."

ಅವನ ಮೇಲೆ ಸಿಟ್ಟು ಬಂದರೂ, ಮಹತಿ ಮಾಡಬೇಕೆಂದುಕೊಂಡದ್ದೂ ಅದನ್ನೇ. ಅಧಿಕಾರಿಗಳಿಗೆ ಇದ್ದದ್ದನ್ನು ಇದ್ದಹಾಗೆ ಬರೆಯುವುದು, ಮಗನನ್ನು ಕಳೆದುಕೊಂಡ ಮುದುಕನಿಗೆ ಏನನ್ನೂ ಹೇಳದಿರುವುದು. ನಿಜ ಹೇಳಿದರೆ ಹೋದವನು ಎದ್ದು ಬರುತ್ತಾನೆಯೇ?

ತಿಥಿ ಮುಗಿದ ಮೇಲೆ ಅವಳು ಗೌರಿಬಿದನೂರಿನ ಆಚೆಗಿರುವ ಅವರ ಮನೆಗೆ ಹೋದಳು. ಮುನಿವೆಂಕಟಪ್ಪ ಹೊರಗೆ ಹುಣಸೆಮರದ ನೆರಳಲ್ಲಿ ಕೂತಿದ್ದರು. ಅವಳನ್ನು ಕಂಡು ಮೇಲೇಳಲು ಹೋದರು, ಆಗಲಿಲ್ಲ.

"ಬಾ ತಲ್ಲಿ, ಬಾ ತಾಯಿ, ಕೂತ್ಕೋ. ಮೇಷ್ಟ್ರು ಇದ್ದಿದ್ರೆ ಅವರೂ ಬರ್ತಿದ್ರು."

ಮಹತಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅವರೇ ಮಾತು ತೆಗೆದರು.

"ಮುರಳಿ ಮನೇಲಿ ಹೇಳ್ತಿದ್ದ, ಮೂರು ಕಡೆ ಕೋಟೆ ಇದ್ದಂಗಿದೆ, ಒಂದು ಕಡೆ ಬರೀ ತಗಡು ಕಣಪ್ಪಾ ಅಂತ. ನನಗೆ ಒಂಥರಾ ಆಯ್ತು. ನಮ್ಮ ಮೇಷ್ಟ್ರ ಮಗಳು ಹಾಕಿದ ಪ್ಲಾನು, ನಾಳೆ ನಾಲ್ಕು ಜನ ನೋಡಿ ನಕ್ಕರೆ? ಕೆಲಸದ ಗಡಿಬಿಡೀಲಿ ಮರ್ತಿರ್ತೀಯ ಅನ್ಕೊಂಡೆ. ಆಯುಧಪೂಜೆ ರಜಾ ಇತ್ತಲ್ಲ, ಅಪ್ಪ ಮಗ ಸೇರ್ಕೊಂಡು ಕಟ್ಟಿಬಿಟ್ವಿ. ಮೊದಲ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟೋನು ಅವನೇ."

ಮುನಿವೆಂಕಟಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಎಲ್ಲಾ ಹೋಯ್ತು. ಆದ್ರೆ ನಮ್ಮ ಗೋಡೆ ಅಲ್ಲಾಡಲಿಲ್ಲ ನೋಡು. ಅದೂ ಬಿದ್ದಿದ್ರೆ ಇನ್ನೆಷ್ಟು ಮನೆ ಹಾಳಾಗ್ತಿತ್ತೋ. ಅದನ್ನ ನೆನೆಸ್ಕೊಂಡೇ ಒಂದು ತುತ್ತು ಒಳಗೆ ಇಳೀತಿದೆ."

ಅವಳು ತಲೆ ಆಡಿಸಿದಳು. ಈ ಒಂದು ತುತ್ತನ್ನು ಅವರ ಬಾಯಿಂದ ಕಿತ್ತುಕೊಳ್ಳುವ ಪಾಪ ತನಗೆ ಬೇಡ ಎಂದುಕೊಂಡಳು. ಹೊರಡಲು ಎದ್ದೂ ಆಗಿತ್ತು.

"ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಮ್ಮ" ಎಂದರು ಮುನಿವೆಂಕಟಪ್ಪ. "ಅಲ್ಲೇ ಆಚೆ ಇನ್ನೊಂದು ಫ್ಯಾಕ್ಟರಿಯೋರು ಬಂದಿದ್ರು. ಅವರತ್ರಾನೂ ಇಂಥದ್ದೇ ತಗಡಿನ ಕೋಣೆ ಇದೆಯಂತೆ. ನಿಮ್ಮ ಗೋಡೆ ಒಂದೇ ಅಲ್ವಾ ನಿಂತಿದ್ದು, ನಮಗೂ ಕಟ್ಟಿಕೊಡಿ ಅಂದ್ರು. ಪುಕ್ಕಟೆ ಕಟ್ತೀನಿ ಅಂದೆ. ಮುರಳಿ ಹೆಸರಲ್ಲಿ. ಅಲ್ಲಿ ಕೂತಿರೋ ಮಕ್ಕಳಾದ್ರೂ ಉಳೀಲಿ."

ಮಹತಿ ಮತ್ತೆ ಕೂತಳು. ಆ ಕಾರ್ಖಾನೆಗೆ ಒಂದು ಫೋನು ಮಾಡಿ ನಿಲ್ಲಿಸಬಹುದಿತ್ತು. ಆದರೆ ಯಾಕೆ ಬೇಡವಂತೆ ಎಂದು ಇವರು ಕೇಳದೆ ಬಿಡುವವರಲ್ಲ. ಟೀ ಅಂಗಡಿಯ ಮುಂದೆ ಯಾರೋ ಒಬ್ಬ, ಬನ್ನು ಅದ್ದಿ ತಿನ್ನುತ್ತಾ, ಹೇಳಿಯೇ ಬಿಡುತ್ತಾನೆ. ಇಲ್ಲವಾದರೆ ಇವರು ಬೇರೆ ಎಲ್ಲೋ ಹೋಗಿ ಕಟ್ಟುತ್ತಾರೆ. ಹೇಳಲೇಬೇಕು, ತಾನೇ ಹೇಳಬೇಕು.

"ಮೇಸ್ತ್ರಿ ಮಾಮ, ಬಂಡೆಗೆ ಮದ್ದು ಇಟ್ರೆ ಕಲ್ಲು ಯಾವ ಕಡೆ ಹಾರತ್ತೆ?"

"ಬಯಲು ಇರೋ ಕಡೆ." ಕಲ್ಲಿನ ವಿಷಯ ಬಂದದ್ದೇ ಅವರ ದನಿಗೆ ಸ್ವಲ್ಪ ಜೀವ ಬಂತು. "ಅದಕ್ಕೇ ಒಂದು ಮುಖ ಬಿಟ್ಟೇ ಕುಳಿ ಹೊಡೀಬೇಕು. ಮುಖ ಕಟ್ಟಿಹಾಕಿದ್ರೆ ಹಿಂದೆ ನಿಂತೋರ ಮೇಲೇ..."

ಮಾತು ಅಲ್ಲಿಗೇ ನಿಂತಿತು. ಅವರು ಮಹತಿಯನ್ನೇ ನೋಡಿದರು. ಅವಳು ಮುಖ ತಿರುಗಿಸಲಿಲ್ಲ, ತಿರುಗಿಸಬೇಕೆಂದು ಜೀವವೆಲ್ಲ ಹೇಳುತ್ತಿದ್ದರೂ.

"ಆ ತಗಡು..."

"ಹೌದು ಮಾಮ."

"ಬೇಕಂತಲೇ ಬಿಟ್ಟಿದ್ದಾ?"

"ಬೇಕಂತಲೇ. ನಿಮಗೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ." ಅವಳಿಗೆ ತಡೆಯಲಾಗಲಿಲ್ಲ, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿಬಿಕ್ಕಿ ಅತ್ತಳು.

ಮುನಿವೆಂಕಟಪ್ಪ ಅಳಲಿಲ್ಲ. ಬಾಗಿಲ ಕಡೆ ನೋಡಿದರು. ಒಳಗೆ ಅವರ ಹೆಂಡತಿ ಅಮ್ಮಾಜಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಮೆಲ್ಲಗೆ ಅಳಮ್ಮ" ಎಂದರು. "ಅವಳು ಒಳಗಿದ್ದಾಳೆ."

ಸೋಮವಾರ ಅವರು ಇನ್ನೊಂದು ಕಾರ್ಖಾನೆಗೆ ಹೋಗಲಿಲ್ಲ, ಕುಡುಮಲಕುಂಟೆಗೆ ಬಂದರು. ತನಿಖೆಯವರ ಫೋಟೋ, ಅಳತೆ ಎಲ್ಲ ಮುಗಿದು, ಉಳಿದದ್ದನ್ನು ಕೆಡವಬಹುದು ಎಂದು ಅಪ್ಪಣೆ ಬಂದಿತ್ತು. ಜೆಸಿಬಿ ಬೇಡ, ಆ ಗೋಡೆಯನ್ನು ನಾನೇ ಬಿಚ್ಚುತ್ತೇನೆ ಎಂದರು. ರಮೇಶ್‌ಬಾಬು ಆಳುಗಳನ್ನು ಕೊಡುತ್ತೇನೆಂದ, ಅದನ್ನೂ ಒಲ್ಲೆ ಎಂದರು. ಮಹತಿ ಬಿಸಿಲಲ್ಲಿ ನಿಂತು ನೋಡಿದಳು. ಗಾರೆ ಚೆನ್ನಾಗಿ ಕಚ್ಚಿತ್ತು. ಒಂದೊಂದು ಕಲ್ಲು ಬಿಡಿಸಲೂ ಹಾರೆ ಹಾಕಿ ಮೀಟಬೇಕಾಯಿತು. ಅಷ್ಟು ಒಳ್ಳೆಯ ಕೆಲಸವಾಗಿತ್ತು ಅದು.

ಕೊನೆಗೆ ಬುಡದ ಕಲ್ಲು ಉಳಿಯಿತು. ಮೇಲಿನ ಮಣ್ಣು ಸರಿಸಿದಾಗ ಅದರ ಮೂಲೆಯಲ್ಲಿ ಅರಿಶಿನದ ಬಣ್ಣ ಇನ್ನೂ ಇತ್ತು. ಮುನಿವೆಂಕಟಪ್ಪ ಹಾರೆ ಕೆಳಗಿಟ್ಟು, ಅದರ ಮೇಲೆ ಅಂಗೈ ಊರಿ ಕೂತರು.

"ಇದು ಅವನಿಟ್ಟಿದ್ದು. ಇದೊಂದು ಇರ್ಲಾ ತಲ್ಲಿ? ಇದೂ ಅಡ್ಡ ಬರತ್ತಾ?"

"ನೆಲದ ಮಟ್ಟಕ್ಕಿದೆ ಮಾಮ. ಅಡ್ಡ ಬರಲ್ಲ. ಇರ್ಲಿ."

ಅವಳೇ ಅವರನ್ನು ಕಾರಿನಲ್ಲಿ ಮನೆಗೆ ಕರೆದುಕೊಂಡು ಹೋದಳು. ಅಮ್ಮಾಜಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟು, ಗಂಡನ ಕೈ ನೋಡಿ ಗಾಬರಿಯಾದರು.

"ಏನು ಕೆಲಸಕ್ಕೆ ಹೋಗಿದ್ರಿ, ಕೈಯೆಲ್ಲಾ ಹಿಂಗೆ ತರಚ್ಕೊಂಡು?"

"ಗೋಡೆ ಕೆಲಸ" ಎಂದರು ಮುನಿವೆಂಕಟಪ್ಪ.

ಅಮ್ಮಾಜಮ್ಮ ಮಹತಿಯ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ, ಓದ್ದೋಳು. ಅಷ್ಟು ದೊಡ್ಡ ಕಟ್ಟಡ ಹೋದ್ರೂ ನಮ್ಮ ಅಪ್ಪ ಮಗ ಕಟ್ಟಿದ್ದು ನಿಂತಿತ್ತಂತಲ್ಲ. ದಿನಾ ಅದನ್ನೇ ಹೇಳ್ಕೊಂಡು ಇಬ್ರೂ ಉಣ್ತೀವಿ. ನಿಜ ತಾನೆ?"

ಮುನಿವೆಂಕಟಪ್ಪ ಲೋಟ ಕೆಳಗಿಟ್ಟು ಮಹತಿಯ ಮುಖ ನೋಡಿದರು. ಅವರ ಕಣ್ಣು ಕೇಳುತ್ತಿದ್ದದ್ದು ಇಷ್ಟೇ, ಹೆಂಡತಿಯ ಆ ಒಂದು ತುತ್ತಾದರೂ ಉಳಿಯಲಿ ಎಂದು.

"ನಿಜ ಅಮ್ಮ" ಎಂದಳು ಮಹತಿ. "ನಿಂತಿತ್ತು."

"ನೋಡಿದ್ರಾ" ಎಂದು ಅಮ್ಮಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಬಗ್ಗಿಸಿದರು. ಮುನಿವೆಂಕಟಪ್ಪ ತಲೆ ತಗ್ಗಿಸಿ, ಅಷ್ಟನ್ನೂ ಕುಡಿದರು.