ಲಿಂಗ ಮುಟ್ಟಿ ಹೇಳಿದ ಮಾತು

ಭಾನುವಾರ ಊರಿಗೆಲ್ಲ ರಜೆಯಾದರೆ ಅಹಲ್ಯಾಳಿಗೆ ಸುಗ್ಗಿ. ಸನತ್‌ನಗರದ ಕೂಲಿಗಳ ಜೋಪಡಿಗಳ ಮುಂದೆ ಕೂತು, ಕೊಟ್ಟ ಚಹಾ ಕುಡಿದು, ತಾನು ಕೆಲಸಕ್ಕಿದ್ದ ದೊಡ್ಡ ಔಷಧ ಕಂಪನಿಯ ಪ್ರಯೋಗಕ್ಕೆ ಆಳುಗಳನ್ನು ಒಪ್ಪಿಸುವುದು ಅವಳ ಕೆಲಸ. ಹೊಸ ಗುಳಿಗೆ ಅಂಗಡಿ ಸೇರುವ ಮೊದಲು ಆರೋಗ್ಯವಂತರಿಗೆ ನುಂಗಿಸಿ ನೋಡಬೇಕಲ್ಲ! ಗಚ್ಚಿಬೌಲಿಯ ಸಾಫ್ಟ್‌ವೇರ್ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದ ರಾಯಚೂರು ಕಡೆಯವರಿಗಿಂತ ಗಟ್ಟಿ ಆಳು ಬೇರೆಲ್ಲಿ ಸಿಗಬೇಕು?

ಅವರು ಕಾಗದ ನಂಬುವ ಜನವಲ್ಲ. ಅಹಲ್ಯಾ ಕೊರಳಿನ ಲಿಂಗ ಮುಟ್ಟಿ "ಏನೂ ಆಗಂಗಿಲ್ಲ" ಅಂದರೆ ಹೆಬ್ಬೆಟ್ಟು ತಾನಾಗಿ ಬೀಳುತ್ತಿತ್ತು. ಕಂಪನಿಗೂ ಇದು ಗೊತ್ತು. ಬೀದರಿನ ಈ ಹುಡುಗಿಗೆ ತಂಪು ಕೋಣೆ, ಮನೆ ಬಾಗಿಲಿಗೆ ಗಾಡಿ, ತಾಯಿಯ ಹೃದಯದ ಆಪರೇಷನ್ನಿನ ಪೂರ್ತಿ ಖರ್ಚು ಸುಮ್ಮನೆ ಕೊಟ್ಟಿರಲಿಲ್ಲ. ಅವಳ ತಾಯಿ ದಿನಾ ಕಂಪನಿಯ ಹೆಸರು ಹೇಳಿ ದೀಪ ಹಚ್ಚುತ್ತಿದ್ದಳು.

ಹಾಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಒಬ್ಬ ಬಂಡೆಪ್ಪ, ಪ್ರಯೋಗ ಮುಗಿಸಿ ಬಂದ ವಾರದಲ್ಲೇ ಹಾಸಿಗೆ ಹಿಡಿದ. ಕಣ್ಣು, ಮೈಯೆಲ್ಲ ಹಳದಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿದ್ದಾನೆಂದು ತಿಳಿದು ಅಹಲ್ಯಾ ಮೇಲಧಿಕಾರಿ ಶೋಭಾಳ ಬಳಿಗೆ ಓಡಿದಳು. ಶೋಭಾ ಬೆಚ್ಚಲಿಲ್ಲ. ಮೊದಲ ತಂಡದಲ್ಲೂ ಇಬ್ಬರ ಲಿವರ್ ಹೀಗೇ ಕೆಟ್ಟಿತ್ತು ಎಂದು ಸಾವಕಾಶವಾಗಿ ಹೇಳಿದಳು. ಒಂದೇ ಡಬ್ಬಿಯಲ್ಲಿ ಉಂಡವಳು, ಒಡಹುಟ್ಟಿದವಳಂತೆ ಇದ್ದವಳು!

"ಮೊದಲ ಯಾಕ ಹೇಳಲಿಲ್ಲ ಅಕ್ಕಾ?"

"ಹೇಳಿದ್ರ ನೀ ಲಿಂಗ ಮುಟ್ಟತಿದ್ದೇನು?"

ಆಮೇಲೆ ಶೋಭಾ ಸಮಾಧಾನದ ಮಾತಾಡಿದಳು. ಈ ಗುಳಿಗೆ ಬಂದರೆ ಲಕ್ಷಾಂತರ ಬಡವರಿಗೆ ಅಗ್ಗದ ಮದ್ದು. ಪ್ರಯೋಗ ಇಲ್ಲಿಗೇ ನಿಂತರೆ ಎಷ್ಟು ಮನೆಗಳ ಒಲೆ ಆರುತ್ತದೋ ಯೋಚಿಸು ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಸ್ಪತ್ರೆಯವರು ಇದು ಕುಡಿತದಿಂದ ಬಂದದ್ದೆಂದು ತಿಳಿದಿದ್ದಾರೆ, ಬಂಡೆಪ್ಪನ ಹೆಂಡತಿಗೂ ನೀನು ಹಾಗೇ ಹೇಳಿ ಬಾ ಎಂಬುದು ಕೊನೆಗೆ ಬಂದ ಮಾತು. "ಉಂಡ ಮನಿ ಜಂತಿ ಎಣಿಸಬ್ಯಾಡ" ಎಂದು ಬೆನ್ನು ಸವರಿ ಕಳಿಸಿದಳು.

ಬಂಡೆಪ್ಪನ ಹೆಂಡತಿ ಸುಗಲಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಳು. ಅಹಲ್ಯಾಳನ್ನು ಕಂಡು ಸೆರಗಿನಿಂದ ನೆಲ ಒರೆಸಿ ಜಾಗ ಮಾಡಿದಳು. ತನ್ನ ತಾಯಿಯ ಮುಖ ಕಣ್ಣ ಮುಂದೆ ಬಂದು, ಅಹಲ್ಯಾ ತಲೆ ತಗ್ಗಿಸಿಕೊಂಡೇ ಕುಡಿತದ ಮಾತು ಹೇಳಿ ಮುಗಿಸಿದಳು. ಕೈ ಅಭ್ಯಾಸದಂತೆ ಕೊರಳಿಗೆ ಹೋಯಿತು.

ಸುಗಲಮ್ಮ ಆ ಕೈ ಹಿಡಿದಳು. "ಅವ ಒಂದ ಹನಿ ಮುಟ್ಟಂಗಿಲ್ರಿ. ಆದರ ನೀವು ಹೇಳಾಕತ್ತೀರಿ ಅಂದಮ್ಯಾಗ ನನ್ನ ಹಿಂದ ಕುಡಿದಿರಬೇಕು. ಆಣಿ ಬ್ಯಾಡ್ರಿ ಅಕ್ಕಾರ."

ಅಹಲ್ಯಾಳಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟಳು. "ಅವ ಕುಡಿದಿಲ್ಲ ಸುಗಲಮ್ಮ. ಇದು ನಮ್ಮ ಕಂಪನಿ ಗುಳಿಗಿಯಿಂದ ಆಗಿದ್ದು. ಕಂಪನಿಗೆ ಗೊತ್ತಿತ್ತು, ನನಗ ಹೇಳಿರಲಿಲ್ಲ."

ಸುಗಲಮ್ಮ ಕೂಗಾಡಲಿಲ್ಲ. ಹಿಡಿದ ಕೈ ಬಿಟ್ಟು, "ಏನೂ ಗೊತ್ತಿಲ್ದನ ಲಿಂಗ ಮುಟ್ಟಿದ್ರೇನ್ರಿ?" ಎಂದಷ್ಟೇ ಕೇಳಿದಳು.

ಅಹಲ್ಯಾ ಎದ್ದು ನೇರ ಡಾಕ್ಟರ ಬಳಿಗೆ ಹೋದಳು. ಗುಳಿಗೆ ಯಾವುದು, ಎಷ್ಟು ಕೊಟ್ಟರು, ಮೊದಲು ಯಾರಿಗೆ ಏನಾಯಿತು ಎಲ್ಲ ಹೇಳಿದಳು. ಡಾಕ್ಟರು ಕುಡಿತದ ರೋಗಕ್ಕೆಂದು ನಡೆಸಿದ್ದ ಚಿಕಿತ್ಸೆ ನಿಲ್ಲಿಸಿ ಬೇರೆ ಔಷಧಿ ತರಿಸಿದರು. ನಾಳೆ ಪೊಲೀಸರ ಮುಂದೆಯೂ ಇದನ್ನೇ ಹೇಳುತ್ತೀರಾ ಎಂದು ಕೇಳಿದಾಗ ಹೇಳುತ್ತೇನೆಂದು ತನ್ನ ಹೆಸರು, ವಿಳಾಸ ಬರೆಸಿದಳು.

ಸುಗಲಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅಹಲ್ಯಾ ಹೊರಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮುಖ ಮಾತ್ರ ನೋಡಲಿಲ್ಲ.