ಮೇಲೆ ಯಾರು ನೋಡ್ತಾರೆ

೧

ಎಲ್ಲಿಂದ ಶುರು ಮಾಡಲಿ? ಫಾಲ್ಸ್ ಸೀಲಿಂಗಿನ ಕೆಳಗಿನಿಂದಲೋ, ಮೇಲಿನಿಂದಲೋ? ಕೆಳಗೆ ಜನ ಇದ್ದಾರೆ, ಮೇಲೆ ಕೇಬಲ್ ಇದೆ. ಕಥೆ ಅಂದಮೇಲೆ ಜನರಿಂದಲೇ ಶುರುವಾಗಬೇಕು ಎನ್ನುತ್ತಾರೆ ಬಲ್ಲವರು. ನನಗೆ ದಿಗಿಲಾಗಿರುವುದು ಮಾತ್ರ ಮೇಲಿನದ್ದರಿಂದ. ಹಾಗಾಗಿ ಮೊದಲ ಕರಡು ಹೀಗಿತ್ತು:

"ಸೀಲಿಂಗಿನ ಮೇಲೆ ಕೇಬಲ್ ಓಡಿಸಲು ಹಲವು ವಿಧಾನಗಳಿವೆ. ಚೆಂಡಿಗೆ ಸುತಳಿ ಕಟ್ಟಿ, ಈ ತುದಿಯ ಟೈಲ್ ಎತ್ತಿ, ಆ ತುದಿಯ ಕಂಡಿಗೆ ಗುರಿಯಿಟ್ಟು ಎಸೆಯುವುದು ಒಂದು. ಬಾಗುವ ಕಡ್ಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ ತೂರಿಸುತ್ತ ಹೋಗುವುದು ಇನ್ನೊಂದು. ಸುತಳಿ ಆ ಕಡೆ ತಲುಪಿದ ಮೇಲೆ ಅದರ ಬಾಲಕ್ಕೆ ಕೇಬಲ್ ಬಿಗಿದು ಎಳೆಯಬೇಕು..."

(ಎಳೆ ಅಂದರೆ ದಾರ. ಎಳೆ ಅಂದರೆ ಜಗ್ಗು. ಕನ್ನಡಕ್ಕೆ ಈ ಕಸುಬು ಮೊದಲಿನಿಂದಲೂ ಗೊತ್ತಿತ್ತು ಅಂತ ಕಾಣುತ್ತದೆ.)

ಓದಿದ ನನ್ನ ಹೆಂಡತಿ "ಕಥೆ ಎಲ್ಲಿ?" ಅಂದಳು. "ಮೇಲಿದೆ" ಅಂದೆ. "ಕೆಳಗಿಳಿಸಿ" ಅಂದಳು.

೧ (ಮತ್ತೆ)

ಇಳಿಸಿದ್ದೇನೆ. ಆಸ್ಪತ್ರೆಯ ಎರಡನೇ ಮಹಡಿ, ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ, ಮಧ್ಯಾಹ್ನ ಮೂರೂವರೆ. ಬೆನ್ನುಮೂಳೆಯ ಆಪರೇಷನ್ ಆಗಿ ನಾಲ್ಕು ದಿನವಾದ ಅಕ್ಕ ಅಂಗಾತ ಮಲಗಿದ್ದಾಳೆ. ಮಗ್ಗುಲು ಬದಲಿಸುವ ಹಾಗಿಲ್ಲ. ಬೆಚ್ಚಿ ಬೀಳುವ ಹಾಗಂತೂ ಇಲ್ಲವೇ ಇಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ. ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ತಮ್ಮ. ವೈರಿಂಗ್ ಕೆಲಸದವನು. ಐವತ್ತಕ್ಕೆ ಎರಡು ಕಮ್ಮಿ, ತಲೆ ಅರ್ಧ ಬೆಳ್ಳಗಾಗಿದೆ, ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ.

(ನರ್ಸನ್ನು ಎಲ್ಲರೂ ಸಿಸ್ಟರ್ ಅನ್ನುವುದರಿಂದ ಈ ಕಥೆಯಲ್ಲಿ ಅವನಿಗೆ ಇಬ್ಬರು ಅಕ್ಕಂದಿರು. ಗೊಂದಲ ಬೇಡ. ಒಬ್ಬಳು ಅವನನ್ನು ಸಾಕಿದವಳು, ಇನ್ನೊಬ್ಬರು ಗದರಿಸುವವರು. ಮೊದಲನೆಯವಳೂ ಗದರಿಸುತ್ತಾಳೆ ಅನ್ನುವುದು ಬೇರೆ ಮಾತು.)

ಅಕ್ಕ ಈ ನಾಲ್ಕು ದಿನದಲ್ಲಿ ಡಾಕ್ಟರಿಗೆ, ಕಸ ಗುಡಿಸುವವಳಿಗೆ, ಎದುರು ಮಂಚದವರಿಗೆ, ಯಾರನ್ನೂ ಬಿಡದೆ ಸಾರಿದ್ದಾಳೆ: "ಈ ವಾರ್ಡಿನ ವೈರಿಂಗ್ ಇದೆಯಲ್ಲ, ನನ್ನ ತಮ್ಮನ ಕೆಲ್ಸ!" ಆರು ವರ್ಷದ ಹಿಂದೆ ಅವನೇ ಎದೆಯುಬ್ಬಿಸಿ ಹೇಳಿಕೊಂಡಿದ್ದ ಮಾತು ಅದು.

"ಪುಟ್ಟಾ, ಆ ಟೈಲ್ ನೋಡು. ನಿನ್ನೆ ಇಷ್ಟು ಹೊಟ್ಟೆ ಬಿಟ್ಟಿರ್ಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಅವನು ಮೇಲೆ ನೋಡುವ ಬದಲು ನೆಲ ನೋಡಿದ.

"ಅದು ಹಾಗೇನೇ ಇರೋದಕ್ಕಾ."

"ಹಾಗೆ ಅಂದ್ರೆ ಹೇಗೆ? ನಾಲ್ಕು ದಿನದಿಂದ ನಂಗೆ ಅದನ್ನ ನೋಡೋದು ಬಿಟ್ರೆ ಬೇರೇನು ಕೆಲ್ಸ? ಅದ್ರಲ್ಲಿ ಎಷ್ಟು ತೂತಿದೆ ಅಂತಾನೂ ಹೇಳ್ತೀನಿ, ಬೇಕಾ?"

೨

ಅವನಿಗೆ ಗೊತ್ತಿರುವುದು, ಅಕ್ಕನಿಗೆ ಗೊತ್ತಿಲ್ಲದ್ದು:

ಸರಿಯಾದ ವಿಧಾನ ಒಂದೇ. ಮೇಲಿನ ಸ್ಲ್ಯಾಬಿಗೆ ಮಾರಿಗೊಂದು ಹುಕ್ ಹೊಡೆದು ಕೇಬಲ್ಲನ್ನು ಅದಕ್ಕೆ ತೂಗುಹಾಕಬೇಕು. ಸೀಲಿಂಗಿನ ಟೈಲಿಗೆ ತಾಗಲೂಬಾರದು. ಅವನೇ ಊರಿಗೆಲ್ಲ ಪಾಠ ಹೇಳುತ್ತಿದ್ದ, "ಟೈಲ್ ಅನ್ನೋದು ಹೊದಿಕೆ ಕಣ್ರೋ, ಹೆಗಲಲ್ಲ" ಎಂದು. ಇಡೀ ಮಹಡಿಗೆ ಹಾಗೇ ಮಾಡಿದ. ಕೊನೆಗೆ ಉಳಿದದ್ದು ಈ ಕಿಟಕಿ ಪಕ್ಕದ ಮೂಲೆ. ಡ್ರಿಲ್ಲಿನ ಪುಡಿ ಕಣ್ಣಿಗೆ ಬಿದ್ದು ಉರಿಯುತ್ತಿತ್ತು, ತೋಳು ಸೋತಿತ್ತು, ಮರುದಿನ ರೋಗಿಗಳು ಬರುವವರಿದ್ದರು. ಕೇಬಲ್ಲನ್ನು ಟೈಲಿನ ಮೇಲೆಯೇ ಮಲಗಿಸಿದ. ತಂತಿಗಳೆಲ್ಲ ಕೂಡುವ, ಎರಡು ಇಟ್ಟಿಗೆ ತೂಕದ ಕಬ್ಬಿಣದ ಡಬ್ಬಿಯನ್ನೂ ಅಲ್ಲೇ ಇಟ್ಟ. ಮೇಲೆ ಯಾರು ನೋಡ್ತಾರೆ?

ನೋಡಿದರು. ಆಮೇಲೆ ಕ್ಯಾಮೆರಾದವರು ಬಂದರು, ಇಂಟರ್‌ನೆಟ್‌ನವರು ಬಂದರು, ಟೈಲ್ ಎತ್ತಿ ಇಣುಕಿದರು, ಓಹೋ ದಾರಿ ಇಲ್ಲಿದೆ ಎಂದು ತಮ್ಮ ಕೇಬಲ್ಲನ್ನೂ ಅದರ ಮೇಲೆಯೇ ಹೇರಿ ಹೋದರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ಈಗ ಆ ಟೈಲಿನ ಮೇಲೆ ಏನೇನಿದೆಯೋ ಅವನಿಗೂ ಲೆಕ್ಕವಿಲ್ಲ. ಅದರ ಕೆಳಗೆ ಏನಿದೆ ಅನ್ನುವುದು ಚೆನ್ನಾಗಿ ಗೊತ್ತು. ಅಕ್ಕನ ಮುಖವಿದೆ.

೩

ತೆಗೆದುಹಾಕಿದ್ದೇನೆ. ಮೂರರಲ್ಲಿ ಟೈಲ್ ಬಿದ್ದಿತ್ತು.

೪

"ಸಾರ್, ಆ ಮೂರನೇದನ್ನ ಪೂರ್ತಿ ಹರಿದು ಹಾಕಿದ್ರಿ ತಾನೆ?" ಸ್ಟೂಲಿನ ಮೇಲಿಂದಲೇ ಪುಟ್ಟ ನನ್ನನ್ನು ಕೇಳಿದ.

"ಹರಿದೆ ಮಾರಾಯ."

"ಚೂರುಗಳು?"

"ಬುಟ್ಟೀಲಿವೆ."

"ಯಾರಾದ್ರೂ ಜೋಡಿಸ್ಕೊಂಡು ಓದಿಬಿಟ್ರೆ?"

"ಒಳ್ಳೆ ಪುಕ್ಕಲ ನೀನು."

"ನೀವು ಬರೆದ ಹಾಗಿದ್ದೀನಿ."

ಅವನು ಹೇಳಿದ್ದು ಸುಳ್ಳಲ್ಲ. ಈ ಪುಟ ಬರೆಯಲು ಕೂತಾಗಿನಿಂದ ನಾನೇ ಮೂರು ಸಲ ನನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಮೇಲೆ ನೋಡಿದ್ದೇನೆ. (ನನ್ನ ಕೋಣೆಗೆ ಸೀಲಿಂಗೇ ಇಲ್ಲ, ಬರೀ ತಾರಸಿ. ಆದರೂ.)

"ನೋಡಯ್ಯ," ಅಂದೆ, "ಜೋತುಬಿದ್ದಿರೋದು ಬೀಳ್ಲೇಬೇಕು ಅಂತ ಓದೋರು ಕಾಯ್ತಾ ಇರ್ತಾರೆ."

"ಓದೋರಿಗೇನು ಸಾರ್, ಕೆಳಗೆ ಮಲಗಿರೋದು ಅವರ ಅಕ್ಕನಾ?"

ಇದಕ್ಕೆ ನಿಮಗೆ ಉತ್ತರ ಹೊಳೆದರೆ ನನಗೆ ಹೇಳಬೇಡಿ, ಅವನಿಗೆ ಹೇಳಿ.

೫ (ಮುಕ್ತಾಯ, ಮೊದಲನೆಯದು)

ಅವನ ಕೋರಿಕೆಯಂತೆ ಒಂದು ಸುಖಾಂತ. ತಮ್ಮ ಎದ್ದು ಹೋಗಿ, "ಸಿಸ್ಟರ್, ಅಕ್ಕಂಗೆ ಕಿಟಕಿ ಬೆಳಕು ಕಣ್ಣಿಗೆ ಚುಚ್ಚುತ್ತಂತೆ. ಸ್ವಲ್ಪ ಆ ಗೋಡೆ ಕಡೆ ಹಾಕಿಸ್ತೀರಾ?" ಎನ್ನುತ್ತಾನೆ. ನಿಜ ಹೇಳಬೇಕಾಗಿಲ್ಲ. ಅಕ್ಕನ ಹೆಮ್ಮೆಯೂ ಉಳಿಯುತ್ತದೆ, ಬೆನ್ನೂ ಉಳಿಯುತ್ತದೆ. ಇಬ್ಬರು ಬಂದು ಮಂಚವನ್ನು ಮೆಲ್ಲಗೆ ತಳ್ಳುತ್ತಾರೆ. ಹೋದ ಜೀವ ಬಂದ ಹಾಗಾಗಿ ಅವನು ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿಯುತ್ತಾನೆ.

ಅರ್ಧ ಗಂಟೆ ಆದಮೇಲೆ ಖಾಲಿ ಜಾಗಕ್ಕೆ ಇನ್ನೊಂದು ಮಂಚ ಬರುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿದ ಟೀಚರಮ್ಮ. "ಅಬ್ಬ, ಇಲ್ಲಿ ಒಳ್ಳೆ ಬೆಳಕಿದೆ" ಎನ್ನುತ್ತ ಕನ್ನಡಕ ಹುಡುಕುತ್ತಾರೆ. ಅವರ ಜೊತೆಗೂ ಒಬ್ಬ ತಮ್ಮ ಬಂದಿದ್ದಾನೆ. ಸ್ಟೂಲ್ ಎಳೆದುಕೊಂಡು ಕೂರುತ್ತಾನೆ.

"ಸಾರ್, ಇದನ್ನೂ ಹೊಡೆದುಹಾಕಿ" ಅಂದ ಪುಟ್ಟ. ಹೊಡೆದುಹಾಕಿದೆ.

೬

ಹಾಗಾದರೆ ಅಕ್ಕ ಕಿಟಕಿ ಪಕ್ಕದಲ್ಲೇ ಇದ್ದಾಳೆ. ತಮ್ಮ ಸ್ಟೂಲಿನ ಮೇಲಿದ್ದಾನೆ. ಹೇಳಿಬಿಡಲೇ, ಆಮೇಲೆ ಹೇಳಲೇ ಎಂದು ಮೀನಮೇಷ ಎಣಿಸುವುದರಲ್ಲಿ ಇಪ್ಪತ್ತು ನಿಮಿಷ ಕಳೆದಿದೆ.

(ಇಲ್ಲಿ ನಾನು ಏನೂ ಮಾಡಲಿಲ್ಲ, ನಂಬಿ. ಪೆನ್ನು ಕೆಳಗಿಟ್ಟಿದ್ದೆ.)

ಮೇಲೆ ಟಿಕ್ ಅಂತ ಒಂದು ಸದ್ದಾಯಿತು. ಚಿಟಿಕೆಯಷ್ಟು ಬಿಳಿ ಪುಡಿ ಉದುರಿ ಅಕ್ಕನ ಹುಬ್ಬಿನ ಮೇಲೆ ಕೂತಿತು.

ಅವನು ಯಾವಾಗ ಸ್ಟೂಲ್ ಹತ್ತಿದ ಅನ್ನುವುದು ಅವನಿಗೂ ಗೊತ್ತಾಗಲಿಲ್ಲ. ಎರಡೂ ಅಂಗೈ ಟೈಲಿಗೆ ಒತ್ತಿ ನಿಂತಿದ್ದ. ಆರು ವರ್ಷದ ಭಾರ ಮೊಣಕೈಗೆ ಇಳಿಯಿತು. ಟೈಲನ್ನು ಹಿಡಿದಿದ್ದ ತಗಡಿನ ಪಟ್ಟಿ ಸೊಟ್ಟಗಾಗಿ ಬಾಯಿಬಿಟ್ಟಿತ್ತು. ಅದರೊಳಗಿನಿಂದ ಡಬ್ಬಿಯ ಮೂಲೆ ಕಾಣುತ್ತಿತ್ತು.

"ಏನೋ ಇದು, ಕೋತಿ ಹಾಗೆ ಹತ್ಕೊಂಡು?"

"ಅಕ್ಕಾ, ಅಲ್ಲಾಡ್ಬೇಡ. ಕೈ ಹತ್ರ ಬೆಲ್ ಇದೆಯಲ್ಲ, ಒತ್ತು."

"ಯಾಕೆ?"

"ಒತ್ತು ಅಂದ್ನಲ್ಲ!"

"ಯಾಕೆ ಅಂತ ಹೇಳು ಮೊದ್ಲು. ಚಿಕ್ಕಂದಿನಿಂದ ಇದೇ ಆಯ್ತು ನಿಂದು."

ಕೈ ಖಾಲಿ ಇದ್ದಿದ್ದರೆ ಅವನು ಇನ್ನೊಂದು ಸುಳ್ಳು ಹುಡುಕುತ್ತಿದ್ದನೇನೋ. ಎರಡೂ ಕೈಯಲ್ಲಿ ನಿಜವೇ ಇತ್ತು.

"ಕೇಬಲ್‌ಗಳ್ನ ಮೇಲೆ ಕಟ್ಟಿಲ್ಲ ಅಕ್ಕಾ. ಈ ಮೂಲೇಲಿ ಹುಕ್ ಹೊಡೀಲೇ ಇಲ್ಲ. ಸುಮ್ನೆ ಟೈಲ್ ಮೇಲೆ ಹಾಕಿ ಹೋದೆ. ನಾನೇ."

ಅಕ್ಕ ಬೈಯುತ್ತಾಳೆ ಎಂದು ಅವನು ಕಾದ. ನಾನೂ ಕಾದೆ, ಅವಳ ಬಾಯಿಗೆ ಎಂದು ಎರಡು ಸಾಲು ಬೈಗುಳ ಬರೆದಿಟ್ಟುಕೊಂಡಿದ್ದೆ. ಅವಳು ಅದನ್ನು ಮುಟ್ಟಲಿಲ್ಲ. ಹುಬ್ಬಿನ ಮೇಲಿನ ಪುಡಿಯನ್ನು ಒರೆಸಿಕೊಳ್ಳಲೂ ಇಲ್ಲ.

"ನಾನು ಎಲ್ರಿಗೂ ಹೇಳ್ಬಿಟ್ಟಿದ್ದೀನಲ್ಲೋ ಪುಟ್ಟಾ" ಅಂದಳು.

ಅವನಿಗೆ ಅಳು ಬಂತು. ಒರೆಸಿಕೊಳ್ಳಲು ಕೈ ಇರಲಿಲ್ಲ.

ಅಕ್ಕ ಬೆಲ್ ಒತ್ತಿದಳು. ಆ ಬೆಲ್ಲಿನ ತಂತಿಯೂ ಇದೇ ಡಬ್ಬಿಯೊಳಗಿಂದ ಹೋಗುತ್ತದೆ ಅನ್ನುವುದು ಅವನಿಗೆ ಆಗ ನೆನಪಾಯಿತು. ಹೊರಗೆ ಕಾರಿಡಾರಿನಲ್ಲಿ ಟಿಣ್ ಎಂದು ಸದ್ದಾಯಿತು. ಕೆಟ್ಟದಾಗಿ ಹಾಕಿದ ಕೇಬಲ್ಲೂ ಕೆಲಸ ಮಾಡುತ್ತದೆ. ಅದಕ್ಕೇ ಆರು ವರ್ಷ ಯಾರೂ ಕೇಳಲಿಲ್ಲ.

೭ (ಮುಕ್ತಾಯ ಅಲ್ಲ)

ಸಿಸ್ಟರ್ ಓಡಿ ಬಂದರು. ಮೇಲೆ ನೋಡಿದರು, ಸ್ಟೂಲ್ ನೋಡಿದರು, ಅಕ್ಕನನ್ನು ನೋಡಿದರು. "ಅಯ್ಯೋ ದೇವರೇ! ಇದ್ಯಾರ ಕೆಲ್ಸ?" ಎಂದು ಕೂಗುತ್ತಲೇ ಮಂಚದ ಗಾಲಿಯ ಬ್ರೇಕ್ ಬಿಡಿಸಲು ಬಗ್ಗಿದರು. ಎದುರು ಮಂಚದವರು ಕತ್ತು ಚಾಚಿದರು. ಕಸ ಗುಡಿಸುವವಳು ಪೊರಕೆ ಹಿಡಿದು ನಿಂತಳು. ಉತ್ತರವನ್ನು ಈ ನಾಲ್ಕು ದಿನದಲ್ಲಿ ಎಲ್ಲರೂ ಕೇಳಿದ್ದಾರೆ.

ಈಗ ನಾನು ನಿಲ್ಲಿಸಬೇಕು, ನಿಲ್ಲಿಸಲು ಭಯ. ಪೂರ್ಣವಿರಾಮ ಇಟ್ಟರೆ ಅವನು ಕೈ ಇಳಿಸಿಬಿಟ್ಟಾನು. ಮಂಚ ಇನ್ನೂ ಒಂದು ಗೇಣು ಕೂಡ ಸರಿದಿಲ್ಲ. ಅವನ ತೋಳು ಆಗಲೇ ನಡುಗುತ್ತಿದೆ. ಆದ್ದರಿಂದ ಇಷ್ಟು ಮಾತ್ರ ಹೇಳುತ್ತೇನೆ: ಅಕ್ಕನೂ ಬಾಯಿ ತೆರೆದಳು, ತಮ್ಮನೂ ತೆರೆದ. ಅಕ್ಕನ ಹತ್ತಿರ ಇರುವುದು ಹಳೆಯ ವಾಕ್ಯ, ನನ್ನ ತಮ್ಮನ ಕೆಲ್ಸ. ತಮ್ಮನ ಹತ್ತಿರ ಇರುವುದು ಅದಕ್ಕಿಂತ ಒಂದು ಪದ ಗಿಡ್ಡ. ಎರಡೂ ಶುರುವಾಗುವುದು ಒಂದೇ ಮಾತಿನಿಂದ. ಯಾರ ದನಿ ಎಂದು ನನ್ನನ್ನು ಕೇಳಬೇಡಿ, ಇಷ್ಟು ಮೇಲಿನಿಂದ ಸರಿಯಾಗಿ ಕೇಳಿಸುವುದಿಲ್ಲ, ಬ್ರೇಕ್ ಕಳಚಿದ ಸದ್ದಾಯಿತು, ಗಾಲಿ ಕಿರ್ ಎಂದಿತು, ಆ ಗಲಾಟೆಯ ನಡುವೆ ಯಾರೋ ಹೇಳಿದ್ದು ನನಗೆ ಕೇಳಿಸಿದ್ದು

"ನನ್ನ